ದಂಡಿನ ಮೈದಾನಗಳನ್ನು ಕಟ್ಟಿದ ಹೆಣ್ಣುಮಕ್ಕಳು: ಕ್ರೀಡಾ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು,
ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಬೆಂಗಳೂರು ದಂಡು (ಕಂಟೋನ್ಮೆಂಟ್) ಮತ್ತು ಪೂರ್ವ ಭಾಗದಿಂದ ಮಹಿಳಾ ಕ್ರೀಡೆಯನ್ನು ಮುನ್ನಡೆಸಿದವರು ಹಾಗೂ ಅವರಿಗೆ ಸಲ್ಲಬೇಕಾದ ಸ್ಥಾನ.

ಮಾನ್ಯರೆ,

1960ರಿಂದ 1967ರ ತನಕ ಭಾರತದ ಮಹಿಳಾ ಹಾಕಿಯಲ್ಲಿ ಮೈಸೂರು ರಾಜ್ಯದ ತಂಡಕ್ಕೆ ಎದುರಾಳಿಗಳಿದ್ದರು, ಸರಿಸಾಟಿ ಇರಲಿಲ್ಲ. ಆ ವರ್ಷಗಳಲ್ಲಿ ತಂಡ ಏಳು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ನಾಯಕಿ ಎಲ್ವೆರಾ ಬ್ರಿಟ್ಟೊ. ದಂಡಿನ ಒಂದೇ ಮನೆಯಿಂದ ಬಂದ ಎಲ್ವೆರಾ, ರೀಟಾ, ಮೇ ಎಂಬ ಮೂವರು ಅಕ್ಕತಂಗಿಯರು ಹಾಕಿಯಲ್ಲಿ ಹೆಸರಾದರು. ಎಲ್ವೆರಾ ಆಸ್ಟ್ರೇಲಿಯಾ, ಜಪಾನ್, ಶ್ರೀಲಂಕಾ ತಂಡಗಳ ವಿರುದ್ಧ ಭಾರತದ ಪರ ಆಡಿದರು. 1965ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 1961ರಲ್ಲಿ ಆನ್ ಲಮ್ಸ್‌ಡೆನ್ ಅವರಿಗೆ ಸಂದ ಮೇಲೆ ಮಹಿಳಾ ಹಾಕಿಗೆ ದೊರೆತ ಎರಡನೆಯ ಅರ್ಜುನ ಅದು.

ಇಷ್ಟು ದಾಖಲೆಯ ಮಾತು. ಮುಂದಿನ ಕೆಲಸ ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಿಲ್ಲ. ಸ್ಟಿಕ್ ಕೆಳಗಿಟ್ಟ ಎಲ್ವೆರಾ ಆಟದಿಂದ ದೂರ ಹೋಗಲಿಲ್ಲ. ಎಂಟು ವರ್ಷ ಕರ್ನಾಟಕ ರಾಜ್ಯ ಮಹಿಳಾ ಹಾಕಿ ಸಂಸ್ಥೆಯ ಅಧ್ಯಕ್ಷೆಯಾಗಿದ್ದರು. ಆಯ್ಕೆಗಾರ್ತಿಯಾಗಿ, ತಂಡದ ಮ್ಯಾನೇಜರ್ ಆಗಿ ದುಡಿದರು. ಪ್ರಾಯೋಜಕರೂ ಟಿ.ವಿ.ಯೂ ಇಲ್ಲದ ಕಾಲದಲ್ಲಿ ಇಂಥ ಸಂಸ್ಥೆ ನಡೆಸುವುದೆಂದರೆ ಶಿಬಿರಕ್ಕೆ ಮೈದಾನ ಕೇಳಿ ಪಡೆಯುವುದು, ರೈಲು ಟಿಕೆಟಿಗೆ ಹಣ ಹೊಂದಿಸುವುದು, ಹುಡುಗಿಯನ್ನು ಪರಊರಿಗೆ ಕಳಿಸಲು ಅವಳ ಅಪ್ಪ ಅಮ್ಮನನ್ನು ಒಪ್ಪಿಸುವುದು. ಇವ್ಯಾವುದಕ್ಕೂ ಸ್ಕೋರ್‌ಶೀಟಿನಲ್ಲಿ ಜಾಗವಿಲ್ಲ. 2022ರ ಏಪ್ರಿಲ್ 26ರಂದು, 81ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಇಂಥವರು ಈ ಭಾಗದಲ್ಲೇ ಹುಟ್ಟಿಬಂದದ್ದಕ್ಕೆ ಕಾರಣವಿದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಪಡೆಯನ್ನು ಹಲಸೂರಿನ ಮಗ್ಗುಲಿಗೆ ತಂದಿಳಿಸಿದ ಮೇಲೆ ಇಲ್ಲಿ ಪೇಟೆಗಿಂತ ಮೊದಲು ಕವಾಯತಿನ ಬಯಲುಗಳು ಹುಟ್ಟಿದವು. ಬಯಲಿದ್ದಲ್ಲಿ ಆಟ ಬಂತು: ಹಾಕಿ, ಫುಟ್ಬಾಲ್, ಕ್ರಿಕೆಟ್. 1947ರಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಮರಳಿ, 1949ರಲ್ಲಿ ಹಳೆಯ ನಗರವೂ ದಂಡೂ ಸೇರಿ ಒಂದೇ ಕಾರ್ಪೊರೇಷನ್ ಆದಾಗಲೂ ಆ ಅಭ್ಯಾಸ ಉಳಿಯಿತು. ಆದರೆ ಬಯಲು ಹುಡುಗರದ್ದು. ಶಿವಾಜಿನಗರದ, ಹಲಸೂರಿನ ಗಲ್ಲಿಗಳಲ್ಲಿ ಚೆಂಡು ಒದೆಯುತ್ತಿದ್ದವರು ಅವರೇ. ಹುಡುಗಿಯರಿಗೆ ಆಟ ಸಿಕ್ಕಿದ್ದು ಕಾನ್ವೆಂಟ್ ಶಾಲೆಯ ಕಾಂಪೌಂಡಿನ ಒಳಗೆ, ಪಿ.ಟಿ. ಮಿಸ್ ಊದಿದ ಸೀಟಿಗೆ. ಮುಂದೆ 2011ರಲ್ಲಿ ಜ್ವಾಲಾ ಗುಟ್ಟಾ ಜತೆ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್‌ನ ಕಂಚು ಗೆದ್ದ ಅಶ್ವಿನಿ ಪೊನ್ನಪ್ಪ ಓದಿದ್ದು ಸೇಂಟ್ ಫ್ರಾನ್ಸಿಸ್ ಝೇವಿಯರ್ ಬಾಲಕಿಯರ ಶಾಲೆಯಲ್ಲಿ. ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಓದಿದ್ದು ಹಲಸೂರು ಬದಿಯ ಫ್ರಾಂಕ್ ಆಂಥೋನಿ ಶಾಲೆಯಲ್ಲಿ. ಪಿ.ಟಿ. ಮಿಸ್‌ಗಳ ಹೆಸರು ಯಾವ ಪ್ರಶಸ್ತಿ ಪಟ್ಟಿಗೂ ಸೇರಿಲ್ಲವೆಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಕ್ರಿಕೆಟ್ಟಿನ ಕಥೆ ಚಿನ್ನಸ್ವಾಮಿ ಕ್ರೀಡಾಂಗಣದ್ದು. ಅಲ್ಲಿ ಗಂಡಸರ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರಿನಲ್ಲಿ. ಎರಡು ವರ್ಷ ತುಂಬುವ ಮೊದಲೇ, 1976ರ ಅಕ್ಟೋಬರ್ 31ರಂದು, ಭಾರತದ ಮಹಿಳೆಯರು ತಮ್ಮ ಚರಿತ್ರೆಯ ಮೊಟ್ಟಮೊದಲ ಟೆಸ್ಟನ್ನು ಅದೇ ಅಂಗಳದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಆಡಿದರು. ನಾಯಕಿ ಶಾಂತಾ ರಂಗಸ್ವಾಮಿ. ಆ ಪಂದ್ಯ ಡ್ರಾ ಆಯಿತು. ಅದೇ ನವೆಂಬರಿನಲ್ಲಿ ಪಟ್ನಾದಲ್ಲಿ ತಂಡಕ್ಕೆ ಮೊದಲ ಗೆಲುವು ಸಿಕ್ಕಿತು. ಆರು ಟೆಸ್ಟ್‌ಗಳ ಸರಣಿ 1-1ರಲ್ಲಿ ಮುಗಿಯಿತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ ಶಾಂತಾ 108 ರನ್ ಹೊಡೆದರು. ಟೆಸ್ಟ್‌ನಲ್ಲಿ ಭಾರತದ ಮಹಿಳೆಯೊಬ್ಬರ ಮೊದಲ ಶತಕ ಅದು. ಒಟ್ಟು 16 ಟೆಸ್ಟ್, 750 ರನ್, 21 ವಿಕೆಟ್. ಅವುಗಳಲ್ಲಿ 12 ಟೆಸ್ಟ್‌ಗಳಿಗೆ ಅವರದೇ ನಾಯಕತ್ವ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟಿಗರೂ ಅವರೇ.

ಆ ತಂಡಗಳು ಕಾಯ್ದಿರಿಸದ ಬೋಗಿಗಳಲ್ಲಿ ಪಯಣಿಸಿ, ಡಾರ್ಮಿಟರಿಯ ನೆಲದ ಮೇಲೆ ಮಲಗಿ, ಬ್ಯಾಟು ಹಂಚಿಕೊಂಡು ಆಡಿದ್ದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಶಾಂತಾ ಅದನ್ನು ಸಾರ್ವಜನಿಕವಾಗಿ ಮತ್ತೆ ಮತ್ತೆ ಹೇಳಿದ್ದಾರೆ, ಅನುಕಂಪ ಗಿಟ್ಟಿಸಲಿಕ್ಕಲ್ಲ, ವ್ಯವಸ್ಥೆಯನ್ನು ಪ್ರಶ್ನಿಸಲಿಕ್ಕೆ. ಅವರಿಗೆ ಹೊಟ್ಟೆಪಾಡಿನ ಆಸರೆಯಾದದ್ದು ಕೆನರಾ ಬ್ಯಾಂಕಿನ ನೌಕರಿ. 2017ರಲ್ಲಿ ಬಿಸಿಸಿಐನ ಜೀವಮಾನ ಸಾಧನೆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಎನಿಸಿದರು. 2019ರಲ್ಲಿ ಆಟಗಾರ್ತಿಯರ ಪ್ರತಿನಿಧಿಯಾಗಿ ಮಂಡಳಿಯ ಅಪೆಕ್ಸ್ ಕೌನ್ಸಿಲ್‌ನಲ್ಲಿ ಕೂತರು. ಮೊದಲ ಟೆಸ್ಟ್‌ನ ನಾಯಕಿ ಮಂಡಳಿಯ ಮೇಜಿನವರೆಗೆ ನಡೆದು ಬರಲು 43 ವರ್ಷ ಬೇಕಾಯಿತು.

ಈ ವಿಳಂಬದ ಹಿಂದಿನ ವಿಚಾರ ಸ್ವಲ್ಪ ವಿವರ ಬೇಡುತ್ತದೆ. 1973ರಲ್ಲಿ ಹುಟ್ಟಿದ ಭಾರತ ಮಹಿಳಾ ಕ್ರಿಕೆಟ್ ಸಂಸ್ಥೆ 2006ರಲ್ಲಿ ಬಿಸಿಸಿಐ ತೆಕ್ಕೆಗೆ ಸೇರಿತು. ಹಾಕಿಯಲ್ಲೂ ಮಹಿಳೆಯರ ಪ್ರತ್ಯೇಕ ಒಕ್ಕೂಟವಿತ್ತು. 2009ರಲ್ಲಿ ಹಾಕಿ ಇಂಡಿಯಾ ಬಂದು ಎರಡನ್ನೂ ಒಂದಾಗಿಸಿತು. ಒಂದಾದದ್ದರಿಂದ ಲಾಭವಾಗಿದೆ, ಅನುಮಾನವಿಲ್ಲ. 2022ರ ಅಕ್ಟೋಬರಿನಲ್ಲಿ ಬಿಸಿಸಿಐ ಗಂಡಸರಿಗೂ ಹೆಂಗಸರಿಗೂ ಸಮಾನ ಪಂದ್ಯ ಶುಲ್ಕ ಘೋಷಿಸಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ. ಡಾರ್ಮಿಟರಿ ನೆಲದ ಕಾಲ ಮುಗಿಯಿತು. ಆದರೆ ಆ ಬಡ ಸಂಸ್ಥೆಗಳಲ್ಲಿ ಅಧ್ಯಕ್ಷೆ, ಆಯ್ಕೆಗಾರ್ತಿಯಂಥ ಸ್ಥಾನಗಳಲ್ಲಿ ಹೆಂಗಸರಿದ್ದರು. ಶ್ರೀಮಂತ ಸಂಸ್ಥೆಗೆ ಸೇರಿದ ಮೇಲೆ ದುಡ್ಡು ಬಂತು, ಕುರ್ಚಿ ಹೋಯಿತು. ಎಲ್ವೆರಾ ಬ್ರಿಟ್ಟೊ ಎಂಟು ವರ್ಷ ಕೂತಿದ್ದಂಥ ಕುರ್ಚಿಯೇ ಈಗ ಇಲ್ಲ.

ನೌಕರಿಯದೂ ಹೀಗೇ. ಶಾಂತಾ ಅವರಿಗೆ ಕೆನರಾ ಬ್ಯಾಂಕ್, ಪ್ಯಾರಾ ಅಥ್ಲೀಟ್ ಮಾಲತಿ ಹೊಳ್ಳ ಅವರಿಗೆ ಸಿಂಡಿಕೇಟ್ ಬ್ಯಾಂಕ್, ಅಥ್ಲೀಟ್ ರೀತ್ ಅಬ್ರಹಾಂ ಅವರಿಗೆ ಕಾರ್ಪೊರೇಷನ್ ಬ್ಯಾಂಕ್. ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕುಗಳು ಬೆಂಗಳೂರಿನ ಕ್ರೀಡಾಪಟುಗಳನ್ನು ಸಾಕಿದವು ಎಂದರೆ ಉತ್ಪ್ರೇಕ್ಷೆಯಲ್ಲ. ಆದರೆ 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಕರಗಿದವು. ತಿಂಗಳ ಸಂಬಳವಿದ್ದ ಹೆಣ್ಣುಮಗಳು ಆಟ ಮುಗಿದ ಮೇಲೂ ಆಟಕ್ಕಾಗಿ ಸಮಯ ಕೊಡಬಲ್ಲಳು. ಇಲ್ಲದವಳು ಮದುವೆಯ ಮರುದಿನ ಮರೆಯಾಗುತ್ತಾಳೆ.

ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರ ಬಗ್ಗೆ ಇನ್ನಷ್ಟು ಹೇಳಬೇಕು. 1958ರಲ್ಲಿ ಹುಟ್ಟಿದ ಅವರಿಗೆ ಶೈಶವದಲ್ಲೇ ಪೋಲಿಯೊ ತಗಲಿತು. ವರ್ಷಗಟ್ಟಲೆ ವಿದ್ಯುತ್ ಆಘಾತದ ಚಿಕಿತ್ಸೆ, 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಗಾಲಿಕುರ್ಚಿಯಲ್ಲಿ ಕೂತೇ ಓಟ, ಗುಂಡು ಎಸೆತ, ಚಕ್ರ ಎಸೆತ, ಜಾವೆಲಿನ್ ಎಲ್ಲದರಲ್ಲೂ ಪದಕ ಗೆದ್ದರು; 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು; ಅರ್ಜುನ ಪ್ರಶಸ್ತಿಯ ಜತೆಗೆ 2001ರಲ್ಲಿ ಪದ್ಮಶ್ರೀಯೂ ಬಂತು. ಪದಕಗಳ ಎಣಿಕೆ ನೂರುಗಳಲ್ಲಿದೆ, ಅದನ್ನು ಬಿಡೋಣ. ಪೂರ್ವ ಬೆಂಗಳೂರಿನ ಪಾಲಿಗೆ ಮುಖ್ಯವಾದದ್ದು ಅವರು ಗೆಳೆಯರೊಡನೆ ಕಟ್ಟಿದ ಮಾತೃ ಫೌಂಡೇಷನ್. ಕೆ.ಆರ್. ಪುರಕ್ಕೆ ಹತ್ತಿರದ ಮಾರತ್ತಹಳ್ಳಿ ಭಾಗದಲ್ಲಿ, ಹಳ್ಳಿಗಳಿಂದ ಬಂದ ಅಂಗವಿಕಲ ಮಕ್ಕಳಿಗೆ ಇರಲು ಮನೆ, ಓದು, ಚಿಕಿತ್ಸೆ ಒದಗಿಸಿದ ಸಂಸ್ಥೆ ಅದು. ತನಗೆ ಸಿಗದಿದ್ದ ಅನುಕೂಲವನ್ನು ಮುಂದಿನವರಿಗೆ ಮಾಡಿಕೊಡುವುದೇ ಕ್ರೀಡಾ ನಾಯಕತ್ವವೆಂದಾದರೆ ಈ ಊರಿನಲ್ಲಿ ಮಾಲತಿ ಅವರನ್ನು ಮೀರಿಸುವವರಿಲ್ಲ.

ಕೇರಳದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಅಂಜು ಬಾಬಿ ಜಾರ್ಜ್ 2003ರಲ್ಲಿ ಪ್ಯಾರಿಸ್‌ನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ 6.70 ಮೀಟರ್ ಉದ್ದ ಜಿಗಿದು ಕಂಚು ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. 2016ರಲ್ಲಿ ಹುಡುಗಿಯರಿಗೆಂದು ತರಬೇತಿ ಅಕಾಡೆಮಿ ತೆರೆದರು. ಅಲ್ಲಿ ಪಳಗಿದ ಶೈಲಿ ಸಿಂಗ್ 2021ರಲ್ಲಿ ನೈರೋಬಿಯ 20 ವರ್ಷದೊಳಗಿನವರ ವಿಶ್ವಕೂಟದಲ್ಲಿ ಬೆಳ್ಳಿ ತಂದಳು. ಅದೇ ವರ್ಷ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅಂಜು ಅವರನ್ನು ‘ವರ್ಷದ ಮಹಿಳೆ’ ಎಂದು ಗೌರವಿಸಿತು, ಜಿಗಿದದ್ದಕ್ಕಲ್ಲ, ಜಿಗಿಯುವವರನ್ನು ಬೆಳೆಸಿದ್ದಕ್ಕೆ. ರಾಜ್ಯದ ಪ್ರಶಸ್ತಿಗಳು ಇನ್ನೂ ಬಹುಪಾಲು ಪದಕದ ಹಿಂದೆಯೇ ಓಡುತ್ತಿವೆ; ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿಯೊಂದಿಗೆ ಗೆದ್ದ ವಾರವೇ ಎಲ್ಲವೂ ಮುಗಿಯುತ್ತದೆ.

ಅದಿತಿ ಅಶೋಕ್ ಅವರ ಸಂಗತಿ ಬೇರೆ ಬಗೆಯದು. ದೊಮ್ಮಲೂರಿನ ಆಚೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನಲ್ಲಿ ಐದನೆಯ ವಯಸ್ಸಿಗೇ ಕ್ಲಬ್ ಹಿಡಿದ ಅದಿತಿ 2016ರಲ್ಲಿ ಒಲಿಂಪಿಕ್ಸ್ ಆಡಿದ ಮೊದಲ ಭಾರತೀಯ ಗಾಲ್ಫ್ ಆಟಗಾರ್ತಿಯಾದರು. ಟೋಕಿಯೊದಲ್ಲಿ ನಾಲ್ಕನೆಯ ಸ್ಥಾನ. ಅಲ್ಲಿ ಕ್ಯಾಡಿಯಾಗಿ ಚೀಲ ಹೊತ್ತು ಜತೆ ನಡೆದವರು ತಾಯಿ ಮಾಹೇಶ್ವರಿ. ಗಾಲ್ಫ್ ದುಬಾರಿ ಆಟ, ಎಲ್ಲ ಮನೆಗೂ ಎಟುಕದು. ಆದರೂ ಮನೆಯ ಪಕ್ಕದಲ್ಲಿ ಹುಲ್ಲುಹಾಸು, ಮನೆಯವರ ಬೆಂಬಲ ಎರಡೂ ಸಿಕ್ಕರೆ ಇಲ್ಲಿನ ಹುಡುಗಿ ಎಲ್ಲಿಗೆ ಮುಟ್ಟಬಲ್ಲಳೆಂಬುದಕ್ಕೆ ಅದು ಸಾಕ್ಷಿ.

ಹುಲ್ಲುಹಾಸಿನ ಮಾತು ಬಂದಮೇಲೆ ಮೈದಾನದ ಲೆಕ್ಕ ನೋಡಬೇಕು. ದಂಡು ಭಾಗದ ದೊಡ್ಡ ಬಯಲುಗಳು ಸೇನೆಯ, ಕ್ಲಬ್ಬುಗಳ, ಟ್ರಸ್ಟುಗಳ, ಶಾಲೆಗಳ ಸ್ವತ್ತು. ಸರ್ಕಾರದ ಕೈಯಲ್ಲಿರುವ ಚಿಕ್ಕ ಆಟದ ಮೈದಾನಗಳಲ್ಲಿ ಸಂಜೆ ಐದಕ್ಕೆ ಹುಡುಗರ ಟೆನಿಸ್ ಬಾಲ್ ಕ್ರಿಕೆಟ್ ಶುರುವಾದರೆ ಹುಡುಗಿಯರು ಬೇಲಿಯ ಬದಿಗೆ ಸರಿಯುತ್ತಾರೆ. ಹಲಸೂರಿನ ಗೌತಮಪುರದಲ್ಲಿ ಪೆಲೆಗೆ ಪ್ರತಿಮೆಯಿದೆ. ಬ್ರೆಜಿಲ್ಲಿನ ಆಟಗಾರನನ್ನು ಮನೆಯವನನ್ನಾಗಿ ಮಾಡಿಕೊಂಡ ಆ ಗಲ್ಲಿಯ ಅಭಿಮಾನ ಚೆಂದದ್ದೇ. ಸರ್ಕಾರದ ಅಭಿಮಾನ ಹೇಗಿದೆ? ಹಾಕಿ ಕ್ರೀಡಾಂಗಣಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು, ಕ್ರಿಕೆಟ್ಟಿನದಕ್ಕೆ ಚಿನ್ನಸ್ವಾಮಿಯವರದು, ಅಥ್ಲೆಟಿಕ್ಸ್‌ನದಕ್ಕೆ ಕಂಠೀರವ ದೊರೆಯದು. ಜಯನಗರದಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣವಿದೆ ಎಂದು ಯಾರಾದರೂ ನೆನಪಿಸಬಹುದು. ನಿಜ, ಆದರೆ ಅದು ಕತ್ತಿ ಹಿಡಿದ ರಾಣಿಗೆ ಸಂದದ್ದು, ಸ್ಟಿಕ್ ಹಿಡಿದವಳಿಗಲ್ಲ.

ಜನರ ಒಲವಿಗೆ ಕೊರತೆಯಿಲ್ಲ. 2024ರ ಫೆಬ್ರುವರಿಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಚಿನ್ನಸ್ವಾಮಿಗೆ ಬಂದಾಗ ಸ್ಟ್ಯಾಂಡುಗಳಲ್ಲಿ ಕೂಗಿದ್ದು ಇದೇ ಊರು; ಮಾರ್ಚ್ 17ರಂದು ದೆಹಲಿಯಲ್ಲಿ ಬೆಂಗಳೂರಿನ ತಂಡ ಕಪ್ ಎತ್ತಿತು. 2025ರ ಮಹಿಳಾ ವಿಶ್ವಕಪ್‌ನ ಉದ್ಘಾಟನಾ ಪಂದ್ಯವೂ ಇಲ್ಲೇ ನಡೆಯಬೇಕಿತ್ತು. ಜೂನ್ 4ರಂದು ಬೆಂಗಳೂರಿನ ಪುರುಷರ ತಂಡದ ವಿಜಯೋತ್ಸವದ ವೇಳೆ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಾಗಿ 11 ಮಂದಿ ಸತ್ತರು. ಆಗಸ್ಟಿನಲ್ಲಿ ಪಂದ್ಯಗಳು ಬೆಂಗಳೂರಿನ ಕೈತಪ್ಪಿದವು, ಬದಲಿ ತಾಣವಾಗಿ ನವಿ ಮುಂಬಯಿ ಸೇರಿತು. ಜೀವಕ್ಕಿಂತ ಪಂದ್ಯ ದೊಡ್ಡದಲ್ಲ, ನಿರ್ಧಾರ ತಪ್ಪೆನ್ನಲಾಗದು. ಆದರೂ ನವೆಂಬರ್ 2ರಂದು ಭಾರತ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಮಣಿಸಿ ಮೊದಲ ವಿಶ್ವಕಪ್ ಗೆದ್ದ ಟೂರ್ನಿಯಲ್ಲಿ, 1976ರಲ್ಲಿ ಎಲ್ಲ ಶುರುವಾದ ಅಂಗಳಕ್ಕೆ ಒಂದು ಪಂದ್ಯವೂ ದಕ್ಕಲಿಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ, ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕೆಂದು ಹೇಳುತ್ತದೆ. ಸಮಿತಿಯ ಮಿತಿ 15 ಜನ. ರಾಜ್ಯ ಸಂಸ್ಥೆಗಳಿಗೆ ಅನುದಾನ ಕೊಡುವುದು ತಮ್ಮ ಇಲಾಖೆ. ಅದೇ ಷರತ್ತನ್ನು ಅನುದಾನಕ್ಕೆ ಜೋಡಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. 1983ರ ಕಾಯ್ದೆಯಲ್ಲೇ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕಾಲುಭಾಗ ಸ್ಥಾನ ಮೀಸಲಿಟ್ಟ ರಾಜ್ಯ ಇದು, ಆಮೇಲೆ ಅದನ್ನು ಅರ್ಧಕ್ಕೆ ಏರಿಸಿತು. ಪಂಚಾಯಿತಿ ನಡೆಸಬಲ್ಲ ಹೆಣ್ಣುಮಕ್ಕಳಿಗೆ ಹಾಕಿ ಸಂಸ್ಥೆ ನಡೆಸಲಾಗದೇ?

ಆದ್ದರಿಂದ ಇಲಾಖೆಯಲ್ಲಿ ಕೋರುವುದು ಇಷ್ಟು. ಸಮಿತಿಯಲ್ಲಿ ನಾಲ್ವರು ಮಹಿಳೆಯರಿಲ್ಲದ ರಾಜ್ಯ ಸಂಸ್ಥೆಗೆ ಮುಂದಿನ ಆಯವ್ಯಯದಿಂದ ಅನುದಾನ ಬಿಡುಗಡೆ ಮಾಡಬಾರದು. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಸಾರ್ವಜನಿಕ ಮೈದಾನಗಳಲ್ಲಿ ಸಂಜೆಯ ನಿಗದಿತ ಹೊತ್ತು ಹುಡುಗಿಯರಿಗೆಂದೇ ಮೀಸಲಾಗಿ, ಮಹಿಳಾ ತರಬೇತುದಾರರೊಬ್ಬರು ಅಲ್ಲಿರಬೇಕು. ಸಂಘಟಕಿಯರಿಗೆ, ಪಿ.ಟಿ. ಮಿಸ್‌ಗಳಿಗೆ ಸಲ್ಲುವ ಪ್ರಶಸ್ತಿಯೊಂದನ್ನು ರಾಜ್ಯ ಸ್ಥಾಪಿಸಬೇಕು. ದಂಡು ಭಾಗದಲ್ಲಿ ಮುಂದೆ ಹಾಸುವ ಮೊದಲ ಹಾಕಿ ಟರ್ಫಿಗೆ ಎಲ್ವೆರಾ ಬ್ರಿಟ್ಟೊ ಅವರ ಹೆಸರಿಡಲು ಆದೇಶ ಹೊರಡಿಸಬೇಕೆಂದು ಮನವಿ.