ಹಲ್ಲು ಬರ್ತಿರಬೇಕು, ನಾಳೆ ನೋಡೋಣ!

1/6
ಕಮಠಾಣದಾಗ ಕೂಸು ಅತ್ತರೆ ಮೂರು ಉತ್ತರ ರೆಡಿ ಇರ್ತಾವ: ಹಲ್ಲು ಬರ್ತಿರಬೇಕು, ನಜರ್ ಆಗಿರಬೇಕು, ಹೊಟ್ಯಾಗ ಗಾಳಿ ತುಂಬಿರಬೇಕು. ಮೂರಕ್ಕೂ ಕೊನೆ ಮಾತು ಒಂದೇ: ನಾಳೆ ನೋಡೋಣ. ದೋಸ್ತರೇ, ನನ್ನ ಜಗಳ ಆ ‘ನಾಳೆ’ ಜೊತೆ.

2/6
ಅಂಗಿ ತೋಳು ಒಳಗೆ ಮಡಚಿಕೊಂಡಂಗ, ಕರುಳಿನ ಒಂದು ಭಾಗ ಮುಂದಿನ ಭಾಗದೊಳಗ ಹೊಕ್ಕುಬಿಡ್ತದ. ಇದರ ಹೆಸರು ಇಂಟಸಸೆಪ್ಷನ್. ಸಣ್ಣ ಕೂಸುಗಳ ಕರುಳು ಕಟ್ಟಿಕೊಳ್ಳೋದಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಹೆಚ್ಚಾಗಿ 3 ತಿಂಗಳಿಂದ 3 ವರ್ಷದೊಳಗೆ, ಅದರಲ್ಲೂ 5ರಿಂದ 10 ತಿಂಗಳ ಕೂಸಿಗೆ. ಅಂದರೆ ಹಲ್ಲು ಬರೋ ಹೊತ್ತಿಗೇ! ಅದಕ್ಕೇ ಮೋಸ ಹೋಗ್ತೇವಿ. ಸಿಕ್ಕಿಕೊಂಡ ಕರುಳಿಗೆ ರಕ್ತ ಹೋಗೋದು ನಿಲ್ತದ. ತಡವಾದರೆ ಅದು ಕೊಳೀತದ, ತೂತು ಬೀಳ್ತದ, ಜೀವಕ್ಕೇ ಅಪಾಯ.

3/6
‘ಅತ್ತ ಕೂಸಿಗೆಲ್ಲ ಸ್ಕ್ಯಾನ್ ಮಾಡಿಸೋದೇನು?’ ಬ್ಯಾಡ. ಅಳೋ ರೀತಿ ನೋಡ್ರಿ. ಏಕದಂ ಕಿರುಚಿ ಮೊಣಕಾಲು ಹೊಟ್ಟಿಗೆ ಎಳ್ಕೊಳ್ತದ. ಆಮೇಲೆ ಸುಮ್ಮನಾಗ್ತದ. 15-20 ನಿಮಿಷಕ್ಕೆ ಮತ್ತ ಅದೇ. ನಡುವೆ ಮುಖ ಬಿಳಚಿಕೊಂಡು ಮಂಕಾಗಿ ಮಲಗ್ತದ. ವಾಂತಿ, ಆಮೇಲೆ ಹಸಿರು ವಾಂತಿ. ‘ಸುಮ್ಮನಾಯ್ತಲ್ಲ, ಆರಾಮ ಆಯ್ತು’ ಅನ್ನೋದೇ ದೊಡ್ಡ ತಪ್ಪು. ಲೋಳೆ ಜೊತೆ ರಕ್ತ ಬೆರೆತ ಮಲ ಬರೋತನಕ ಕಾಯಬ್ಯಾಡ್ರಿ. ಅದು ಬಹಳ ಸಲ ತಡವಾಗಿ ಬರ್ತದ, ಕೆಲವು ಕೂಸುಗಳಿಗೆ ಬರೋದೇ ಇಲ್ಲ.

4/6
ಬೇಗ ಹೋದರೆ: ಸೋನೋಗ್ರಫಿಯಲ್ಲಿ ಬಳೆಯೊಳಗೆ ಬಳೆ ಇಟ್ಟಂಗ ಕಾಣ್ತದ. ಡಾಕ್ಟರು ಗುದದ್ವಾರದಿಂದ ಗಾಳಿ ಅಥವಾ ನೀರನ್ನು ಅಳತೆಯ ಒತ್ತಡದಲ್ಲಿ ಬಿಟ್ಟು ಕರುಳನ್ನ ಹಿಂದಕ್ಕೆ ಸರಿಸ್ತಾರ. ಬಹಳಷ್ಟು ಕೂಸುಗಳಿಗೆ ಆಪರೇಷನ್ನೇ ಬೇಕಾಗಂಗಿಲ್ಲ.
ತಡವಾದರೆ: ಹೊಟ್ಟೆ ಕೊಯ್ದು, ಕೊಳೆತ ಕರುಳು ಕತ್ತರಿಸಿ ತೆಗೀಬೇಕು.
ಗ್ರೈಪ್ ವಾಟರ್, ಹೊಟ್ಟಿ ತಿಕ್ಕೋದು, ಬರೆ ಹಾಕೋದು, ಯಾವುದೂ ಇದನ್ನ ಬಿಡಿಸಂಗಿಲ್ಲ. ಮನೆಯಲ್ಲೇ ಎನಿಮಾ ಅಂತೂ ಬೇಡವೇ ಬೇಡ.

5/6
ಇದೇ ರೋಗದ ಹೆಸರು ಹೇಳಿ ಭೇದಿಗೆ ಹಾಕೋ ರೋಟಾ ಹನಿಗೆ ಹೆದರಿಸೋ ಫಾರ್ವರ್ಡ್‌ಗಳೂ ಅದಾವ. ಅಮೆರಿಕದಲ್ಲಿ 1999ರಲ್ಲಿ ರೋಟಾಶೀಲ್ಡ್ ಲಸಿಕೆ ವಾಪಸ್ ತಗೊಂಡಿದ್ದು ಇದೇ ಕಾರಣಕ್ಕೆ, ಖರೆ. ಆದರೆ ನಮ್ಮ ಪಕ್ಕದ ಹೈದರಾಬಾದಿನ ರೋಟಾವ್ಯಾಕ್ ಬೇರೆ ಲಸಿಕೆ. ದೇಶದ 27 ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದರಿಂದ ಈ ರೋಗ ಹೆಚ್ಚಾದದ್ದು ಕಂಡಿಲ್ಲ. ಅರ್ಧ ಸತ್ಯ ಫಾರ್ವರ್ಡ್ ಮಾಡಬ್ಯಾಡ್ರಿ. 6, 10, 14ನೇ ವಾರದ ಹನಿ ತಪ್ಪಿಸಬ್ಯಾಡ್ರಿ.

6/6
ಮನೆಯ ಆಯಿಗೆ ಬೈಯಬ್ಯಾಡ್ರಿ, ಆಕಿಗೆ ಇದನ್ನ ಯಾರೂ ಹೇಳಿಲ್ಲ. ಕೂತು ಹೇಳ್ರಿ. ಕಮಠಾಣಕ್ಕೆ ಬೀದರ್ ಹತ್ತಿರ. ಔರಾದ, ಭಾಲ್ಕಿ ಕಡೆ ಹಳ್ಳಿಗಳಿಗೆ ಹಂಗಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ರಾತ್ರಿ ಸೋನೋಗ್ರಫಿ ಆಗಬೇಕು ಅಂತ ಕೇಳೋದು ನಮ್ಮ ಹಕ್ಕು, ಕೇಳೋಣ. ಇವತ್ತಿಗೆ ಮಾತ್ರ: 108ಕ್ಕೆ ಫೋನ್ ಮಾಡ್ರಿ, ಬ್ರಿಮ್ಸ್ ಇರಲಿ, ಮಕ್ಕಳ ಸರ್ಜನ್ ಇರೋ ಬೇರೆ ಆಸ್ಪತ್ರೆ ಇರಲಿ, ಅವತ್ತೇ ಹೊರಡ್ರಿ.
‘ನಾಳೆ ನೋಡೋಣ’ ಅನ್ನೋರಿಗೆ ಒಂದೇ ಮಾತು ಕೇಳ್ರಿ: ನಾಳೆತನಕ ಆ ಕರುಳಿಗೆ ರಕ್ತ ಯಾರು ಕೊಡ್ತಾರ?

ಸೇವ್ ಮಾಡ್ರಿ. ಮನೆಯಲ್ಲಿ ಸಣ್ಣ ಕೂಸಿರೋ ದೋಸ್ತಿಗೆ ಕಳಿಸ್ರಿ.
#ಕಮಠಾಣ #ಬೀದರ್ #ನಾಳೆಬೇಡ