ಲಿವರ್‌ಗೆ ಹಬ್ಬಿದೆ ಎಂದಾಕ್ಷಣ ಕೈಚೆಲ್ಲಬೇಕೆ?

ದೊಡ್ಡಕರುಳಿನ ಕ್ಯಾನ್ಸರ್ ಲಿವರ್‌ಗೆ ಹಬ್ಬಿದೆ ಎಂದು ಗೊತ್ತಾದರೆ ಯಾದಗಿರಿ, ಶಹಾಪುರ, ಸುರಪುರದ ಬಡ ಮನೆಗಳಲ್ಲಿ ಚಿಕಿತ್ಸೆಯ ಮಾತು ಅಲ್ಲಿಗೇ ನಿಲ್ಲುವ ಸಂಭವ ಹೆಚ್ಚು. ನಾಲ್ಕನೇ ಸ್ಟೇಜ್ ಅಂದಮೇಲೆ ಹೊಲ ಮಾರಿ ಏನು ಬಂತು ಎಂಬ ಲೆಕ್ಕ ಅದು. ಹಲವು ಕ್ಯಾನ್ಸರ್‌ಗಳ ಮಟ್ಟಿಗೆ ಈ ಲೆಕ್ಕ ತೀರಾ ತಪ್ಪೂ ಅಲ್ಲ. ಆದರೆ ಕರುಳಿನ ಕ್ಯಾನ್ಸರಿನ ನಡೆ ಬೇರೆ. ಕರುಳಿನ ರಕ್ತದ ಬಹುಪಾಲು ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರ್ ಸೇರುವುದರಿಂದ, ಕೆಲವರಲ್ಲಿ ಹರಡಿದ ಗಡ್ಡೆಗಳು ಅಲ್ಲಿ ಮಾತ್ರವೇ ಇರುತ್ತವೆ. ಆರೋಗ್ಯವಂತ ಲಿವರಿನ ಅರ್ಧಕ್ಕಿಂತ ಹೆಚ್ಚು ಭಾಗ ತೆಗೆದರೂ ಉಳಿದದ್ದು ಬೆಳೆದು ಕೆಲಸ ನಿಭಾಯಿಸುತ್ತದೆ. ಹೀಗೆ ಗಡ್ಡೆಗಳನ್ನು ಪೂರ್ತಿ ತೆಗೆಯಲು ಸಾಧ್ಯವಾದವರಲ್ಲಿ ಸುಮಾರು ಶೇ 40 ಮಂದಿ ಐದು ವರ್ಷ ದಾಟುತ್ತಾರೆ. ಕೀಮೋ ಒಂದನ್ನೇ ಪಡೆದವರಲ್ಲಿ ಅಷ್ಟು ಕಾಲ ಉಳಿಯುವವರು ತೀರಾ ವಿರಳ.

ಹಾಗಾದರೆ ತೆಗೆಯಲು ಬರುತ್ತದೆಯೋ ಇಲ್ಲವೋ ಎಂದು ಹೇಳಬೇಕಾದವರು ಯಾರು? ಲಿವರ್ ಶಸ್ತ್ರಚಿಕಿತ್ಸೆಯನ್ನೇ ಕಸುಬಾಗಿಸಿಕೊಂಡ ಸರ್ಜನ್ ಇರುವ ತಂಡ. ಫಿನ್ಲೆಂಡ್‌ನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಸ್ಕ್ಯಾನ್‌ಗಳನ್ನು ಹೆಲ್ಸಿಂಕಿಯ ತಜ್ಞರ ತಂಡ ಮರುಪರಿಶೀಲಿಸಿದಾಗ, ಸ್ಥಳೀಯ ಆಸ್ಪತ್ರೆಗಳು ಅಂದಾಜಿಸಿದ್ದಕ್ಕಿಂತ ಹೆಚ್ಚು ಮಂದಿ ಆಪರೇಷನ್‌ಗೆ ಯೋಗ್ಯರೆಂದು ಕಂಡುಬಂತು. ಸಿರಿವಂತ ದೇಶದಲ್ಲೇ ಹೀಗಾದರೆ ನಮ್ಮಲ್ಲಿ ಕೈತಪ್ಪುವವರೆಷ್ಟೋ. ಸಮಯವೂ ಮುಖ್ಯ. ಮೊದಲೇ ಆಪರೇಷನ್ ಆಗದಿದ್ದವರಲ್ಲಿ ಕೆಲವರಿಗೆ ಕೀಮೋದಿಂದ ಗಡ್ಡೆ ಕುಗ್ಗಿ ದಾರಿ ತೆರೆಯುತ್ತದೆ. ಆದರೆ ಯೋಜನೆಯಿಲ್ಲದೆ ಕೀಮೋ ಮುಂದುವರಿಸಿದರೆ ಸಣ್ಣ ಗಡ್ಡೆ ಸ್ಕ್ಯಾನ್‌ನಿಂದಲೇ ಮಾಯವಾಗಬಹುದು. ಅದು ಕಾಣುವುದಿಲ್ಲ, ಕಣಗಳು ಮಾತ್ರ ಅಲ್ಲೇ ಇರುತ್ತವೆ, ಸರ್ಜನ್‌ಗೆ ಎಲ್ಲಿ ಕತ್ತರಿಸಬೇಕೆಂದೇ ತಿಳಿಯುವುದಿಲ್ಲ. ಮೂರು ಸೆಂಟಿಮೀಟರ್ ಒಳಗಿನ ಗಡ್ಡೆಗಳನ್ನು ಸೂಜಿ ಚುಚ್ಚಿ ಮೈಕ್ರೋವೇವ್ ಶಾಖದಿಂದ ಸುಡುವ ವಿಧಾನವೂ ಇದೆ. ಇವುಗಳಲ್ಲಿ ಯಾವುದು ಮೊದಲು ಎಂಬುದು ಕೀಮೋ ಶುರುವಾಗುವ ಮುನ್ನವೇ ನಿರ್ಧಾರವಾಗಬೇಕು.

ಇದಕ್ಕಾಗಿ ಯಾದಗಿರಿಯಲ್ಲೇ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಬೇಕೆಂಬ ಕೂಗು ಸಹಜ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಹೆಸರಿನಲ್ಲಿ ಕೇಳುವುದರಲ್ಲಿ ತಪ್ಪೂ ಇಲ್ಲ. ಆದರೆ ಲಿವರ್ ಆಪರೇಷನ್ ಪದೇಪದೇ ಮಾಡುವ ಕೈಗಳಲ್ಲೇ ಸುರಕ್ಷಿತ. ಓಡಾಡಬೇಕಾದದ್ದು ಮೊದಲು ಸ್ಕ್ಯಾನ್, ಆಮೇಲೆ ರೋಗಿ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ದೇಶದ ಕ್ಯಾನ್ಸರ್ ಆಸ್ಪತ್ರೆಗಳನ್ನು ಜೋಡಿಸಿರುವ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಇದೆ. ಚಿತ್ರಗಳು ಬೆಂಗಳೂರಿಗೆ ಹೋಗಿ, ತೀರ್ಮಾನ ಇಲ್ಲಿಗೆ ಬಂದು, ಕೀಮೋ ಹತ್ತಿರದಲ್ಲೇ ನಡೆದರೆ, ಕೂಲಿ ಬಿಟ್ಟು ದೂರದ ಊರಲ್ಲಿ ಬಾಡಿಗೆ ಕಟ್ಟುವುದು ಆಪರೇಷನ್ನಿನ ದಿನಗಳಿಗಷ್ಟೇ ಸೀಮಿತವಾಗುತ್ತದೆ.

ರಕ್ತಹೀನತೆ, ಅಪೌಷ್ಟಿಕತೆ ಕಾಡುವ ಜಿಲ್ಲೆಗೆ ಇದು ದುಬಾರಿ ಚಿಂತೆ ಎನ್ನಬಹುದು. ಆದರೆ ಸ್ಕ್ಯಾನ್ ಕಳಿಸುವುದಕ್ಕೆ ಅಂಗನವಾಡಿಯ ಹಣ ಬೇಕಿಲ್ಲ. ಬಿಪಿಎಲ್ ಕುಟುಂಬಕ್ಕೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಸುಳ್ಳು ಆಸೆ ಹುಟ್ಟಿಸಿದಂತಾಗದೇ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಹೌದು, ಆರಂಭದಲ್ಲೇ ಆಪರೇಷನ್‌ಗೆ ಒದಗುವವರು ನಾಲ್ವರಲ್ಲಿ ಒಬ್ಬರಷ್ಟೇ, ಆಪರೇಷನ್ ಆದವರಲ್ಲೂ ಹಲವರಿಗೆ ರೋಗ ಮರುಕಳಿಸುತ್ತದೆ. ಆದರೆ ಆಗುವುದಿಲ್ಲ ಎಂಬ ಮಾತು ಕೂಡ ತಿಳಿದವರಿಂದ ಬಂದರೆ ಮನೆಯವರು ಹೊಲ ಉಳಿಸಿಕೊಂಡು ನೋವಿನ ಆರೈಕೆಗೆ ತಿರುಗಬಹುದು. ಇನ್ನು, ಹಣ ಕೊಟ್ಟರಷ್ಟೇ ಸಾಲದು. 2010ರಲ್ಲಿ ಕಲಬುರಗಿ ವಿಭಾಗದಿಂದ ಶುರುವಾದ ಬಡವರ ಚಿಕಿತ್ಸೆಯ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಶಿಬಿರಗಳನ್ನು ನಡೆಸಿ ರೋಗಿಗಳನ್ನು ಹುಡುಕಿತ್ತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು ಅದು ಬಂದಿದ್ದ ಹಳ್ಳಿಗಳ ಬಡವರಲ್ಲಿ ಶೇ 0.32, ಬಾರದ ಹಳ್ಳಿಗಳಲ್ಲಿ ಶೇ 0.90 ಎಂದು 2014ರಲ್ಲಿ ಬಿಎಂಜೆ ಪತ್ರಿಕೆಯ ಅಧ್ಯಯನ ತೋರಿಸಿತು. ಹಾಗೆಯೇ ಲಿವರಿನ ಸ್ಕ್ಯಾನ್ ಕಳಿಸಿ ಉತ್ತರ ತರಿಸುವ ಹೊಣೆಯನ್ನು ಜಿಲ್ಲಾಸ್ಪತ್ರೆಯಲ್ಲಿ ಹೆಸರು ಹಿಡಿದು ಒಬ್ಬರಿಗೆ ವಹಿಸಬೇಕು. ಸಿಡಿ ಹಿಡಿದು ಬಸ್ಸು ಹತ್ತುವ ಮಗನಿಗಲ್ಲ.