ಕಳೆನಾಶಕಕ್ಕೆ ಬಗ್ಗದ ಕಳೆಗಳು: ಸಂವೇದಕ ಚಿತ್ರಗಳ ಉಪಯೋಗ ಮತ್ತು ಮಿತಿ

ಪೀಠಿಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿವೆ. ಮೆಕ್ಕೆಜೋಳ, ಈರುಳ್ಳಿ, ಶೇಂಗಾ, ರಾಗಿ ಹಾಗೂ ಹತ್ತಿ ಇಲ್ಲಿನ ಪ್ರಮುಖ ಬೆಳೆಗಳಲ್ಲಿ ಸೇರಿವೆ. ಕೂಲಿಯಾಳುಗಳ ಅಭಾವದಿಂದಾಗಿ ಎಡೆಕುಂಟೆ ಮತ್ತು ಕೈಗಳೆಯ ಸ್ಥಾನವನ್ನು ಕಳೆನಾಶಕಗಳು ಕ್ರಮೇಣ ಪಡೆಯುತ್ತಿವೆ. ಸಿಂಪಡಣೆಯ ನಂತರವೂ ಕಳೆ ಹಸಿರಾಗಿಯೇ ಉಳಿದಾಗ ಔಷಧಿಯ ಪ್ರಮಾಣವನ್ನು ಹೆಚ್ಚಿಸಿ ಮತ್ತೊಮ್ಮೆ ಸಿಂಪಡಿಸುವುದು ವಾಡಿಕೆ. ಉಳಿದಿರುವುದು ನಿರೋಧಕ ಶಕ್ತಿ ಪಡೆದ ಕಳೆಯಾಗಿದ್ದಲ್ಲಿ ಇದರಿಂದ ಹಣ ವ್ಯರ್ಥವಾಗುವುದಲ್ಲದೆ, ಬಗ್ಗದ ಕಳೆಯ ಬೀಜವೇ ಹೊಲದಲ್ಲಿ ಹೆಚ್ಚುತ್ತದೆ. ಆದುದರಿಂದ ಕಳೆ ಏಕೆ ಉಳಿಯಿತು ಎಂಬುದನ್ನು ಮೊದಲು ತಿಳಿಯುವುದು ಅವಶ್ಯಕವಾಗಿದೆ.

ಹಿಂದಿನ ಅನುಭವ

1970ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಿಮಾಜಿನ್ ಕಳೆನಾಶಕಕ್ಕೆ ಬಗ್ಗದ ಕಳೆಯ ಬಗ್ಗೆ ವರದಿಯಾಯಿತು. ಗ್ಲೈಫೋಸೇಟ್ ನಿರೋಧಕ ಕಳೆಯು 1996ರಲ್ಲಿ ಆಸ್ಟ್ರೇಲಿಯಾದಲ್ಲಿ ಕಂಡುಬಂದಿತು. ಭಾರತದಲ್ಲಿ 1990ರ ದಶಕದ ಆರಂಭದಲ್ಲಿ ಹರಿಯಾಣ ಮತ್ತು ಪಂಜಾಬ್‌ನ ಗೋಧಿ ಹೊಲಗಳ ಫಲಾರಿಸ್ ಮೈನರ್ ಎಂಬ ಹುಲ್ಲು ಐಸೊಪ್ರೊಟುರಾನ್‌ಗೆ ಬಗ್ಗದಾಯಿತು. ವರ್ಷಾನುಗಟ್ಟಲೆ ಭತ್ತ ಮತ್ತು ಗೋಧಿಯನ್ನೇ ಬೆಳೆದು, ಒಂದೇ ಕಳೆನಾಶಕವನ್ನು ಬಳಸಿದ್ದು ಇದಕ್ಕೆ ಮುಖ್ಯ ಕಾರಣ. ಕಳೆ ಮಿತಿಮೀರಿದ ಕಡೆ ರೈತರು ಗೋಧಿಯನ್ನು ಹಸಿರು ಮೇವಾಗಿ ಕೊಯ್ಯಬೇಕಾಯಿತು. ನಂತರ ಬಂದ ಬದಲಿ ಕಳೆನಾಶಕಗಳಿಗೂ ಅದೇ ಹುಲ್ಲು ಕಾಲಕ್ರಮೇಣ ನಿರೋಧಕ ಶಕ್ತಿ ಪಡೆಯಿತು. ಮೆಕ್ಕೆಜೋಳವನ್ನು ಪ್ರತಿ ವರ್ಷ ಅದೇ ಹೊಲದಲ್ಲಿ ಬೆಳೆದು, ಅಟ್ರಾಜಿನ್ ಒಂದನ್ನೇ ಅವಲಂಬಿಸುವ ರೈತರಿಗೆ ಈ ಅನುಭವವು ಎಚ್ಚರಿಕೆಯಾಗಿದೆ.

ಸಂವೇದಕಗಳು ಕೆಲಸ ಮಾಡುವ ಬಗೆ

ಆರೋಗ್ಯವಂತ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಕಳೆನಾಶಕದಿಂದ ಎಲೆ ಹಾನಿಗೊಂಡಾಗ ಈ ಅನುಪಾತ ಬದಲಾಗುತ್ತದೆ. ಡ್ರೋನ್‌ಗೆ ಅಳವಡಿಸಿದ ಬಹುವರ್ಣಪಟಲ ಕ್ಯಾಮೆರಾ ಈ ವ್ಯತ್ಯಾಸವನ್ನು ಗುರುತಿಸಿ, ಹಸಿರು ಉಳಿದ ಭಾಗಗಳ ನಕ್ಷೆಯನ್ನು ನೀಡಬಲ್ಲದು. ಅಟ್ರಾಜಿನ್‌ನಂತೆ ದ್ಯುತಿಸಂಶ್ಲೇಷಣೆಯನ್ನು ತಡೆಯುವ ಔಷಧಿಗಳ ಪರಿಣಾಮವನ್ನು ಪತ್ರಹರಿತ್ತು ಹೊರಸೂಸುವ ಮಂದ ಬೆಳಕನ್ನು ಅಳೆದು, ಎಲೆ ಹಳದಿಯಾಗುವ ಮೊದಲೇ ತಿಳಿಯಬಹುದು. ಸಾಲು ಬಿತ್ತನೆಯ ಮೆಕ್ಕೆಜೋಳದಲ್ಲಿ ಸಾಲುಗಳ ನಡುವಿನ ಹಸಿರನ್ನು ಬೇರ್ಪಡಿಸುವುದು ಸುಲಭ. ಚೆಲ್ಲಿ ಬಿತ್ತಿದ ಈರುಳ್ಳಿಯಲ್ಲಿ ಬೆಳೆ ಮತ್ತು ಕಳೆ ಬೆರೆತಿರುವುದರಿಂದ ಇದು ಕಷ್ಟಸಾಧ್ಯ.

ನಕ್ಷೆಯನ್ನು ಅರ್ಥೈಸುವ ಕ್ರಮ

ಸಂವೇದಕವು ಕಳೆ ಎಲ್ಲಿ ಉಳಿದಿದೆ ಎಂಬುದನ್ನು ತೋರಿಸುತ್ತದೆಯೇ ಹೊರತು ಏಕೆ ಉಳಿದಿದೆ ಎಂಬುದನ್ನು ಹೇಳುವುದಿಲ್ಲ. ಕಾರಣವನ್ನು ಊಹಿಸಲು ಈ ಕೆಳಗಿನ ಲಕ್ಷಣಗಳು ಸಹಕಾರಿಯಾಗಿವೆ.

1. ಕಳೆಯು ನೇರ ಪಟ್ಟಿಯಾಗಿ ಉಳಿದಿದ್ದಲ್ಲಿ ನಾಝಲ್ ಕಟ್ಟಿಕೊಂಡಿರುವ ಅಥವಾ ಆ ಭಾಗಕ್ಕೆ ಔಷಧಿ ಬೀಳದಿರುವ ಸಾಧ್ಯತೆ ಹೆಚ್ಚು.
2. ಎಲ್ಲಾ ಜಾತಿಯ ಕಳೆಗಳೂ ಉಳಿದಿದ್ದಲ್ಲಿ ಪ್ರಮಾಣ, ಸಮಯ ಅಥವಾ ಹವಾಮಾನದ ದೋಷವಿರಬಹುದು. ಬಿತ್ತಿದೊಡನೆ ಸಿಂಪಡಿಸುವ ಅಟ್ರಾಜಿನ್, ಪೆಂಡಿಮೆಥಾಲಿನ್ ಮುಂತಾದವು ಮಣ್ಣಿನಲ್ಲಿ ತೇವಾಂಶವಿಲ್ಲದಿದ್ದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಳೆ ಕೈಕೊಡುವ ಈ ಭಾಗದಲ್ಲಿ ಇದನ್ನು ಮೊದಲು ಪರಿಶೀಲಿಸತಕ್ಕದ್ದು.
3. ಒಂದೇ ಜಾತಿಯ ಕಳೆ ಉಳಿದು, ಅದೇ ಜಾತಿಯ ಸತ್ತ ಗಿಡಗಳ ಪಕ್ಕದಲ್ಲಿಯೇ ಬದುಕಿದ್ದು, ಆ ತುಂಡು ವರ್ಷದಿಂದ ವರ್ಷಕ್ಕೆ ವಿಸ್ತರಿಸುತ್ತಿದ್ದಲ್ಲಿ ನಿರೋಧಕ ಶಕ್ತಿಯನ್ನು ಶಂಕಿಸಬೇಕು.

ಶಂಕೆಯನ್ನು ದೃಢಪಡಿಸಲು ಕುಂಡ ಪರೀಕ್ಷೆ ಅಗತ್ಯ. ಶಂಕಿತ ತುಂಡಿನ ಕಳೆ ಬೀಜವನ್ನೂ, ಎಂದೂ ಸಿಂಪಡಿಸದ ಜಾಗದ ಅದೇ ಕಳೆಯ ಬೀಜವನ್ನೂ ಬೇರೆ ಬೇರೆ ಕುಂಡಗಳಲ್ಲಿ ಬೆಳೆಸಿ, ವಿವಿಧ ಪ್ರಮಾಣದಲ್ಲಿ ಸಿಂಪಡಿಸಿ ಹೋಲಿಸಲಾಗುತ್ತದೆ. ಹೊಲದಲ್ಲಿ ಎಲ್ಲಿಂದ ಬೀಜ ಸಂಗ್ರಹಿಸಬೇಕೆಂಬುದನ್ನು ಸಂವೇದಕದ ನಕ್ಷೆಯು ಶೀಘ್ರವಾಗಿ ತೋರಿಸುತ್ತದೆ. ಅದರ ಮುಖ್ಯ ಪ್ರಯೋಜನ ಇದೇ ಆಗಿದೆ.

ಸೌಲಭ್ಯ ಬಯಸುವವರ ಗಮನಕ್ಕೆ

ಕೇಂದ್ರ ಸಚಿವ ಸಂಪುಟವು 2023ರ ನವೆಂಬರ್‌ನಲ್ಲಿ ಅನುಮೋದಿಸಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ವೆಚ್ಚದ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವನ್ನು ಗೊತ್ತುಪಡಿಸಲಾಯಿತು. ಇವು ಮುಖ್ಯವಾಗಿ ಗೊಬ್ಬರ ಮತ್ತು ಔಷಧಿ ಸಿಂಪಡಿಸುವ ಡ್ರೋನ್‌ಗಳು. ಸಿಂಪಡಿಸುವ ಡ್ರೋನ್ ಎಂದಾಕ್ಷಣ ಅದರಲ್ಲಿ ಬಹುವರ್ಣಪಟಲ ಕ್ಯಾಮೆರಾ ಇರುತ್ತದೆಯೆಂದು ಭಾವಿಸಬಾರದು. ಬಾಡಿಗೆಗೆ ಪಡೆಯುವ ಮುನ್ನ ವಿಚಾರಿಸಿ ಖಚಿತಪಡಿಸಿಕೊಳ್ಳುವುದು. ಸಣ್ಣ ಹಿಡುವಳಿದಾರರು ಅಕ್ಕಪಕ್ಕದ ಹೊಲಗಳನ್ನು ಒಟ್ಟುಗೂಡಿಸಿ ಚಿತ್ರ ತೆಗೆಸಿದಲ್ಲಿ ವೆಚ್ಚ ಕಡಿಮೆಯಾಗುತ್ತದೆ.

ಸಲಹೆಗಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಹಿರಿಯೂರು ತಾಲ್ಲೂಕಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆರಳುವಾಗ ಸರ್ವೆ ನಂಬರ್, ಕಳೆನಾಶಕ ಖರೀದಿಸಿದ ರಸೀದಿ, ಸಿಂಪಡಿಸಿದ ದಿನಾಂಕ ಮತ್ತು ಪ್ರಮಾಣ, ಹಿಂದಿನ ವರ್ಷಗಳಲ್ಲಿ ಬಳಸಿದ ಔಷಧಿಗಳ ಹೆಸರು ಹಾಗೂ ಉಳಿದ ಕಳೆಯ ಮಾದರಿಯನ್ನು ಒಯ್ಯುವುದು ಸೂಕ್ತ. ಈ ವಿವರಗಳಿಲ್ಲದೆ ಚಿತ್ರವೊಂದರಿಂದಲೇ ಕಾರಣ ನಿರ್ಧರಿಸಲು ಸಾಧ್ಯವಾಗುವುದಿಲ್ಲ.

ತಕ್ಷಣ ಕೈಗೊಳ್ಳಬೇಕಾದ ಕ್ರಮಗಳು

ಶಂಕಿತ ಕಳೆಯಿಂದ ಪರೀಕ್ಷೆಗೆ ಬೇಕಾದಷ್ಟು ಬೀಜವನ್ನು ಮಾತ್ರ ಸಂಗ್ರಹಿಸಿ, ಉಳಿದ ಗಿಡಗಳನ್ನು ಬೀಜ ಉದುರುವ ಮುನ್ನ ಕಿತ್ತು ನಾಶಪಡಿಸಬೇಕು. ಕಟಾವು ಯಂತ್ರವನ್ನು ಮುಂದಿನ ಹೊಲಕ್ಕೆ ಇಳಿಸುವ ಮೊದಲು ಸ್ವಚ್ಛಗೊಳಿಸಬೇಕು. ಶಿಫಾರಸು ಮೀರಿದ ಪ್ರಮಾಣವನ್ನು ಬಳಸಬಾರದು. ಕಂಪನಿ ಬದಲಿಸಿದ ಮಾತ್ರಕ್ಕೆ ಔಷಧಿ ಬದಲಾಗುವುದಿಲ್ಲ; ಬೇರೆ ಹೆಸರಿನ ಡಬ್ಬಿಯಲ್ಲಿಯೂ ಅದೇ ರಾಸಾಯನಿಕ ಇರಬಹುದಾದ ಕಾರಣ, ಕೆಲಸ ಮಾಡುವ ವಿಧಾನವೇ ಬೇರೆಯಾದ ಕಳೆನಾಶಕವನ್ನು ತಜ್ಞರ ಸಲಹೆ ಪಡೆದು ಆರಿಸಿಕೊಳ್ಳಬೇಕು. ಬೆಳೆ ಪರಿವರ್ತನೆ, ತೊಗರಿಯಂತಹ ಅಂತರ ಬೆಳೆ ಹಾಗೂ ಸಕಾಲದಲ್ಲಿ ಎಡೆಕುಂಟೆ ಹೊಡೆಯುವುದು ಇಂದಿಗೂ ಪರಿಣಾಮಕಾರಿ ಕ್ರಮಗಳಾಗಿವೆ. ಒಂದು ತುಂಡಿನಲ್ಲಿರುವಾಗಲೇ ಗುರುತಿಸಿದ ಕಳೆಯನ್ನು ಕೈಯಿಂದ ಕೀಳಬಹುದು. ಹೊಲವೆಲ್ಲಾ ಹರಡಿದ ನಂತರ ಅದು ಸಾಧ್ಯವಾಗದು. ಆದ್ದರಿಂದ ರೈತ ಬಾಂಧವರು ಪ್ರತಿ ಸಿಂಪಡಣೆಯ ಎರಡು ವಾರಗಳ ನಂತರ ಹೊಲವನ್ನು ಒಮ್ಮೆ ಸುತ್ತಿ ನೋಡಿ, ಉಳಿದ ಕಳೆಯನ್ನು ಗುರುತಿಟ್ಟುಕೊಳ್ಳಲು ಕೋರಲಾಗಿದೆ.